ಹದಿನೇಳನೇ ನಂಬರಿನ ಹೆಸರು

ಭುವನೇಶ್ವರಿಗೆ ತನ್ನ ಕೈಗುಣದ ಮೇಲೆ ಭಾರೀ ಭರವಸೆ. ಇರಬೇಕಾದ್ದೇ. ಅಪ್ಪ ಅಣವೀರಪ್ಪ ಕಲಬುರಗಿ ಕಡೆಯಿಂದ ಬಂದು, ಮುಂಬಯಿಯಲ್ಲಿ ಗಾರೆ ಕೆಲಸ ಮಾಡಿ, ವಿಕ್ರೋಳಿಯ ಚಾಳಿನಲ್ಲಿ ಬೆಳೆಸಿ ಓದಿಸಿದ ಮಗಳು ಅವಳು. ಗೋಡೆ ಸೊಟ್ಟಗಾದರೆ ಕೆಡವಿ ಕಟ್ಟಬೇಕು, ಸುಣ್ಣ ಬಳಿದು ಮುಚ್ಚಬಾರದು ಎಂಬ ಮಾತನ್ನು ಅನ್ನದ ಜೊತೆಗೇ ನುಂಗಿ ಬೆಳೆದವಳು. ಈಗ ಊರ ತುಂಬ ಆಫೀಸುಗಳ ಕಂಪ್ಯೂಟರ್ ಸರ್ವರುಗಳನ್ನು ನೋಡಿಕೊಳ್ಳುವುದು ಅವಳ ಕಸುಬು. ಆವತ್ತು ಮಲಾಡ್ ಸ್ಟೇಷನ್ನಿನಲ್ಲಿ ಲೋಕಲ್ ಇಳಿದಾಗಲೇ, ಊಟದ ಹೊತ್ತಿಗೆ ಕೆಲಸ ಮುಗಿಸಿ ಕೈ ತೊಳೆಯುತ್ತೇನೆ ಎಂದು ತೀರ್ಮಾನಿಸಿಕೊಂಡೇ ಬಂದಿದ್ದಳು.

ಕೆಲಸ ಇದ್ದದ್ದು ಶೀಲಾವತಿ ಶೆಟ್ಟಿಯವರ ಹೋಟೆಲಿನ ಮೇಲಿನ ಆಫೀಸಿನಲ್ಲಿ. ಶೀಲಕ್ಕನವರದು ಮಲಾಡಿನಲ್ಲೊಂದು, ಬೈಕುಲ್ಲಾದಲ್ಲೊಂದು ಹೋಟೆಲು. ವಿಕ್ರೋಳಿಯಲ್ಲಿ ಮೂರನೆಯದು ಇನ್ನೇನು ತೆರೆಯಬೇಕು. ಎಲ್ಲ ಕಡೆಗೂ ಮಸಾಲೆ ಹೋಗುವುದು ಮಲಾಡಿನಿಂದಲೇ. ಆ ಮಸಾಲೆಗೆ ಕೊತ್ತಂಬರಿ ಎಷ್ಟು, ಮೆಂತೆ ಎಷ್ಟು, ಯಾವುದನ್ನು ಎಷ್ಟು ಹುರಿಯಬೇಕು ಎಂಬುದೆಲ್ಲ ಒಂದು ಫೈಲಿನಲ್ಲಿದೆ. ಗಂಡನಿಗೂ ತೋರಿಸದ ಫೈಲು ಅದು. ಹಳೇ ಸರ್ವರು ಮುದಿಯಾಗಿ ಗೊರಗುಟ್ಟುತ್ತಿತ್ತು. ಅದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸಬೇಕಿತ್ತು.

ಫೈಲು ಸಾಗಿಸುವುದು ಯಾರಿಗೂ ಬರುತ್ತದೆ. ಅದರ ಬೆನ್ನಿಗಿರುವ ಅನುಮತಿಗಳನ್ನು ಸಾಗಿಸುವುದರಲ್ಲಿದೆ ಕಸುಬು. ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಪ್ರತಿ ಫೈಲಿನ ಜೊತೆಗೂ ಯಂತ್ರ ಕಟ್ಟಿಟ್ಟುಕೊಂಡಿರುತ್ತದೆ, ತನ್ನದೇ ಭಾಷೆಯಲ್ಲಿ. ಅದನ್ನು ಮನುಷ್ಯರು ಓದುವ ಅಕ್ಷರಕ್ಕೆ ಇಳಿಸಬೇಕು, ಹೊಸ ಯಂತ್ರಕ್ಕೆ ಒಯ್ಯಬೇಕು, ಅಲ್ಲಿ ಮತ್ತೆ ಯಂತ್ರದ ಭಾಷೆಗೆ ಏರಿಸಬೇಕು. ಭುವನೇಶ್ವರಿ ಬೆಳಿಗ್ಗೆಯೇ ಅಕ್ಷರಕ್ಕೆ ಇಳಿಸಿ, ಮಸಾಲೆ ಫೈಲಿನ ಅನುಮತಿಗಳದೊಂದು ಪ್ರಿಂಟ್ ತೆಗೆದು, “ಒಮ್ಮೆ ಕಣ್ಣಾಡಿಸ್ರಿ ಅಕ್ಕಾರ” ಎಂದು ಶೀಲಕ್ಕನ ಟೇಬಲ್ಲಿನ ಮೇಲಿಟ್ಟಿದ್ದಳು. ಶೀಲಕ್ಕ ಅದರ ಮೇಲೆ ಚಹಾದ ಗ್ಲಾಸು ಇಟ್ಟು, ಕನ್ನಡಕ ಹುಡುಕಿ, ಗ್ಲಾಸು ಸರಿಸಿ ಓದಿದರು.

“ಭುವನಾ, ಇದೆಂತ ಇದು? ಮಸಾಲೆ ಫೈಲಿಗೆ ನನ್ನ ಹೆಸರಿನ ಕೆಳಗೆ ಸುಕೇಶನ ಹೆಸರು ಎಂತಕ್ಕೆ ಉಂಟು?”

“ಅವರಿಗೆ ಓದ್ಲಿಕ್ಕೆ ಪರ್ಮಿಶನ್ ಅದ ಅಂತ ಅರ್ಥರಿ.”

“ನಾನು ಕೊಟ್ಟೇ ಇಲ್ಲ! ಸರಿ ನೋಡು, ತಪ್ಪಿ ಬಂದಿರಬಹುದು.”

ಭುವನೇಶ್ವರಿ ಸ್ಕ್ರೀನಿನಿಂದ ತಲೆ ಎತ್ತಲಿಲ್ಲ. “ಮಶೀನ್ ಸುಳ್ಳು ಹೇಳಂಗಿಲ್ರಿ ಅಕ್ಕಾರ” ಅಂದುಬಿಟ್ಟಳು. ಆಡಿದ ಮಾತು, ಒಡೆದ ಮುತ್ತು. ಆ ಒಂದು ಮಾತಿಗೆ ಎಷ್ಟು ಭಾರ ಇತ್ತು ಎಂಬುದು ಅವಳಿಗೆ ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ, ಸುಕೇಶ್ ಮೆಟ್ಟಿಲು ಹತ್ತಿ ಬಂದಾಗ.

ಸುಕೇಶ್ ಬೈಕುಲ್ಲಾ ಹೋಟೆಲಿನ ಉಸ್ತುವಾರಿ ನೋಡುವವನು, ಮುಂಬಯಿಯಲ್ಲೇ ಹುಟ್ಟಿದ ಹುಡುಗ. ವಿಕ್ರೋಳಿ ಹೋಟೆಲನ್ನು ಅವನ ಕೈಗೆ ಕೊಡುವುದೆಂದು ಶೀಲಕ್ಕ ಒಳ್ಳೇ ದಿನ ನೋಡಿ ಕರೆಸಿದ್ದರು. ಟೇಬಲ್ಲಿನ ಮೇಲೆ ತೆಂಗಿನಕಾಯಿ, ಅದರ ಪಕ್ಕದಲ್ಲಿ ಹೊಸ ಕೀಲಿಗೊಂಚಲು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ನಗುತ್ತ ಬಂದ. ಶೀಲಕ್ಕ ಗೊಂಚಲನ್ನು ಎತ್ತಿ ಡ್ರಾಯರಿನೊಳಗೆ ಹಾಕಿ ಮುಚ್ಚಿದರು.

“ಬೈಕುಲ್ಲಾದ ಕೀ ಕೂಡ ಇಲ್ಲಿಡು ಸುಕೇಶ. ಮಸಾಲೆ ಫೈಲಿಗೆ ನಿನ್ನ ಹೆಸರು ಸೇರಿಸಿಕೊಂಡಿದ್ದಿಯಲ್ಲ, ನನ್ನನ್ನು ಒಂದು ಮಾತು ಕೇಳ್ಲಿಕ್ಕೆ ಆಗ್ತಿರಲಿಲ್ವಾ?”

“ಯಾವ ಫೈಲು ಅಕ್ಕ? ಮೈನೆ ಕುಛ್ ನಹೀ ಕಿಯಾ. ನನಗೆ... ಆ ಫೈಲು ಎಲ್ಲುಂಟು ಅಂತ ಕೂಡ ಗೊತ್ತಿಲ್ಲ.” ಅವನ ಮುಖ ಬಿಳಿಚಿಕೊಂಡಿತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಶೀನೇ ಹೇಳ್ತಾ ಉಂಟು. ಉಂಡ ಮನೆಯ ಜಂತೆ ಎಣಿಸುವವರು ನನಗೆ ಬೇಡ ಮಾರಾಯ. ಊಟ ಮಾಡಿಕೊಂಡು ಹೋಗು.”

ಊಟ ಮಾಡಿಕೊಂಡು ಹೋಗು ಎಂದದ್ದು ಬೈಗುಳಕ್ಕಿಂತ ಜೋರಾಗಿ ತಾಗಿತು. ಸುಕೇಶ್ ಸೊಂಟದಿಂದ ಕೀಲಿ ಬಿಚ್ಚಿ ಟೇಬಲ್ಲಿನ ಮೇಲಿಟ್ಟ. ಭುವನೇಶ್ವರಿ ಆ ಕೀಲಿಗಳನ್ನೇ ನೋಡಿದಳು. ತನ್ನ ಕಾಗದ, ತನ್ನ ಮಾತು, ಒಬ್ಬನ ಅನ್ನ. ಅವಳು ಕುರ್ಚಿ ತಿರುಗಿಸಿದಳು. ಫೈಲಿನ ಅನುಮತಿಗೆ ಹೆಸರು ಸೇರಿಸುವುದು ಬೀಗ ಒಡೆದ ಹಾಗಲ್ಲ. ಸರ್ವರು ನೋಡಿಕೊಳ್ಳುವವರಿಗೆ ಬಿಟ್ಟರೆ ಫೈಲಿನ ಒಡೆಯರಿಗೆ ಮಾತ್ರ ಸಾಧ್ಯ. ಸುಕೇಶ್ ಅವೆರಡೂ ಅಲ್ಲ. ಹಾಗಾದರೆ ಹೆಸರು ಬಂದದ್ದು ಎಲ್ಲಿಂದ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ತಾನು ಪ್ರಮಾಣಿಸಿಯೇ ಇರಲಿಲ್ಲ.

ಅವಳು ಅದೇ ಫೈಲಿನ ಅನುಮತಿಯನ್ನು ಮತ್ತೊಮ್ಮೆ ಇಳಿಸಿದಳು. ಈ ಸಲ ಹೆಸರು ಬೇಡ, ಒಳಗೆ ಇದ್ದದ್ದನ್ನು ಇದ್ದ ಹಾಗೇ ತೋರಿಸು ಎಂದಳು. ಯಂತ್ರದೊಳಗೆ ಹೆಸರೆಂಬುದೇ ಇರುವುದಿಲ್ಲ, ಬರೀ ನಂಬರು. ಸುಕೇಶ್ ಎಂದು ಇದ್ದ ಜಾಗದಲ್ಲಿ ಈಗ ಹದಿನೇಳು ಎಂದು ಬಂತು.

ಟೇಬಲ್ಲಿನ ಮೇಲೆ ಸುಕೇಶ್ ಇಟ್ಟ ಕೀಲಿಗಳ ಜೊತೆ ಒಂದು ಹಿತ್ತಾಳೆ ಬಿಲ್ಲೆ ಇತ್ತು, ಹೋಟೆಲಿನ ಪ್ರತಿ ಕೆಲಸಗಾರನಿಗೂ ಕೊಡುವ ನಂಬರಿನದು. ಅದರ ಮೇಲೂ ಹದಿನೇಳು.

“ಅಣ್ಣಾ, ಈ ಬಿಲ್ಲೆ ನಿಮಗ ಬರೂಕಿಂತ ಮೊದಲ ಯಾರದಿತ್ರಿ?”

“ಕೊರಗಣ್ಣಂದು” ಎಂದ ಸುಕೇಶ್.

ಕೊರಗಣ್ಣ ಎಂದರೆ ಶೀಲಕ್ಕನ ಹಳೇ ಹೆಡ್ ಅಡಿಗೆಯವರು, ಮಸಾಲೆಯ ಹದ ಕಂಡವರು. ವಯಸ್ಸಾಗಿ ಊರಿಗೆ ಹೋದರು. ಆ ಹೋಟೆಲುಗಳಲ್ಲಿ ಒಂದು ಪದ್ಧತಿ: ಯಾರಾದರೂ ಬಿಟ್ಟು ಹೋದರೆ ಅವರ ಮಂಚ, ಅವರ ಲಾಕರು, ಅವರ ಬಿಲ್ಲೆ ಎಲ್ಲ ಹೊಸಬನಿಗೆ. ಬಿಲ್ಲೆ ತೂಗುಹಾಕುವ ಗೋಡೆಯ ಮೊಳೆ ಖಾಲಿ ಇರಬಾರದು, ಅಪಶಕುನ.

“ಸರ್ವರಿನ್ಯಾಗೂ ಬಿಲ್ಲೆ ನಂಬರ್‍ನೇ ಕೊಡು ಅಂತ ಹಿಂದಿನ ಕಂಪ್ಯೂಟರಿನವರಿಗೆ ಯಾರು ಹೇಳಿದ್ರಿ ಅಕ್ಕಾರ?”

“ನಾನೇ. ಮತ್ತೆ? ಒಬ್ಬನಿಗೆ ಎರಡೆರಡು ನಂಬರ್ ಎಂತಕ್ಕೆ?”

“ಮುಗೀತಲ್ರಿ ಹಂಗಾದ್ರ. ಇಲ್ಲಿ ಬರ್ರಿ, ಕೂಡ್ರಿ” ಎಂದಳು ಭುವನೇಶ್ವರಿ. ದನಿಯಲ್ಲಿ ಹಳೇ ಧೈರ್ಯ ಮರಳಿತ್ತು. “ನಿಮ್ಮ ಬೆಕ್ಕಿನ ಹೆಸರೇನ್ರಿ?”

“ಚೋಮಿ. ಬೆಕ್ಕು ಎಂತಕ್ಕೀಗ?”

ಭುವನೇಶ್ವರಿ ಹಳೇ ಸರ್ವರಿನಲ್ಲಿ ಒಂದು ಖಾಲಿ ಫೈಲು ಮಾಡಿ, ಯಾರದೂ ಅಲ್ಲದ ತೊಂಬತ್ತನೇ ನಂಬರಿಗೆ ಓದುವ ಅನುಮತಿ ಕೊಟ್ಟಳು. ಅಕ್ಷರಕ್ಕೆ ಇಳಿಸಿದರೆ ಬರೀ ತೊಂಬತ್ತು ಎಂದು ಬಂತು. ಆಮೇಲೆ ಆ ಫೈಲನ್ನು ಮುಟ್ಟದೆಯೇ, ತೊಂಬತ್ತು ಎಂದರೆ ಚೋಮಿ ಎಂದು ಸರ್ವರಿನ ಹೆಸರುಗಳಲ್ಲಿ ಸೇರಿಸಿದಳು. ಮತ್ತೆ ಇಳಿಸಿದಳು. ಚೋಮಿ ಓದಬಹುದು ಎಂದು ಬಂತು. ಕೆಳಗೆ ಅಡಿಗೆಮನೆ ಬಾಗಿಲಲ್ಲಿ ಮಲಗಿದ್ದ ಚೋಮಿಗೆ ಈ ದೊಡ್ಡಸ್ತಿಕೆ ಗೊತ್ತೇ ಇರಲಿಲ್ಲ.

“ಬೆಕ್ಕು ತಾನ ಬಂದು ಹೆಸರು ಸೇರಿಸಿತೇನ್ರಿ?”

ಭುವನೇಶ್ವರಿ ಹದಿನೇಳಕ್ಕೆ ಕೊರಗ ಎಂಬ ಹೆಸರನ್ನು ಒಂದು ಗಳಿಗೆ ಮರಳಿ ಕೊಟ್ಟು, ಮಸಾಲೆ ಫೈಲನ್ನು ಇಳಿಸಿದಳು. ಸುಕೇಶ್ ಇದ್ದ ಸಾಲಿನಲ್ಲಿ ಕೊರಗ ಎಂದು ಬಂತು. ಆ ಫೈಲನ್ನಾಗಲಿ ಅದರ ಅನುಮತಿಯನ್ನಾಗಲಿ ಕಡೆಯ ಸಲ ಬದಲಿಸಿದ ತಾರೀಖನ್ನೂ ತೋರಿಸಿದಳು. ಸುಕೇಶ್ ಕೆಲಸಕ್ಕೆ ಸೇರುವುದಕ್ಕಿಂತ ಹಿಂದಿನ ವರ್ಷದ ತಾರೀಖು ಅದು.

“ನಾನೇ ಕೊಟ್ಟದ್ದು” ಎಂದರು ಶೀಲಕ್ಕ ಮೆಲ್ಲಗೆ. “ಕೊರಗಣ್ಣ ಇದೇ ಕುರ್ಚಿಯಲ್ಲಿ ಕೂತಿದ್ರು ಆವತ್ತು.” ಆಮೇಲೆ ಸಿಟ್ಟು ಬಂತು, ಯಾರ ಮೇಲೆ ಎಂದು ಅವರಿಗೇ ತಿಳಿಯಲಿಲ್ಲ. “ನೀನೇ ಅಲ್ವಾ ಹೇಳಿದ್ದು, ಮಶೀನ್ ಸುಳ್ಳು ಹೇಳೂದಿಲ್ಲ ಅಂತ?”

“ಹೇಳಿದೆರಿ. ನನ್ನ ತಪ್ಪು. ಮಶೀನು ನಂಬರ್ ಹೇಳಿತ್ತು, ಅದಕ್ಕ ಇವತ್ತಿನ ಹೆಸರು ಹಚ್ಚಿ ನಿಮ್ಮ ಮುಂದ ಇಟ್ಟಾಕಿ ನಾನು. ನಂಬರ್ ನೋಡಿ ಕೊಡಬೇಕಿತ್ತು, ಕೊಡಲಿಲ್ಲ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ ಆತು.” ಅವಳು ಸುಕೇಶನ ಕಡೆಗೆ ತಿರುಗಿದಳು. “ಅಣ್ಣಾ, ನನ್ನಿಂದ ನಿಮಗ ಮಾತು ಬಂತು. ತಪ್ಪಾತ್ರಿ.”

ಸುಕೇಶ್ ತಲೆಯಾಡಿಸಿದ, ಅಷ್ಟೇ. ಅವನು ನೋಡುತ್ತಿದ್ದದ್ದು ಶೀಲಕ್ಕನನ್ನು.

ಭುವನೇಶ್ವರಿ ಅಷ್ಟಕ್ಕೇ ಬಿಡಲಿಲ್ಲ. ಸೊಟ್ಟ ಗೋಡೆಗೆ ಸುಣ್ಣ ಬಳಿಯುವ ಜಾತಿಯಲ್ಲ ಅವಳು. ಶೀಲಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದು ಸಾಲನ್ನೂ ಕೇಳಿದಳು: ಈ ನಂಬರು ಆಗ ಯಾರದಿತ್ತು, ಈಗ ಯಾರದು, ನೀವು ಕೊಡಬೇಕೆಂದದ್ದು ಯಾರಿಗೆ. ಊರಿಗೆ ಹೋದವರ ಸಾಲುಗಳನ್ನು ಅಳಿಸಿದಳು. ಹೊಸ ಸರ್ವರಿನಲ್ಲಿ ಎಲ್ಲರಿಗೂ ಇದುವರೆಗೆ ಯಾರೂ ಮುಟ್ಟದ ನಂಬರು ಕೊಟ್ಟಳು. ಕಡೆಗೆ ಉಳಿದದ್ದು ಒಂದೇ ಸಾಲು, ಮಸಾಲೆ ಫೈಲಿನ ಹದಿನೇಳು.

“ಇದಕ್ಕೇನು ಮಾಡ್ಲಿ ಅಕ್ಕಾರ? ಕೊರಗಣ್ಣ ಅಂತ ಹಾಕ್ಲೋ, ಅಳಿಸ್ಲೋ?”

ಶೀಲಕ್ಕ ಡ್ರಾಯರು ಎಳೆದು ವಿಕ್ರೋಳಿಯ ಕೀಲಿಗೊಂಚಲನ್ನು ತೆಗೆದರು. ಟೇಬಲ್ಲಿನ ಮೇಲಿದ್ದ ಹದಿನೇಳನೇ ಬಿಲ್ಲೆಯನ್ನು ಬಿಡಿಸಿ ಡ್ರಾಯರಿನೊಳಗೆ ಹಾಕಿದರು.

“ಹೋದವರ ನಂಬರ್ ಇನ್ನು ಹೋದವರಿಗೇ ಇರಲಿ. ಖಾಲಿ ಮೊಳೆಯಿಂದ ಎಂತ ಕೇಡೂ ಬರೂದಿಲ್ಲ, ತುಂಬಿಸಿದ್ದರಿಂದಲೇ ಬಂತು. ಆ ಸಾಲಿಗೆ ಸುಕೇಶ ಅಂತ ಬರಿ.”

“ಬೇಡ ಅಕ್ಕ” ಎಂದ ಸುಕೇಶ್. “ಆ ಹೆಸರು ಇದ್ದದ್ದಕ್ಕೇ ನೀವು ಕೀ ತೆಗೆದುಕೊಂಡದ್ದು. ಮುಝೆ ನಹೀ ಚಾಹಿಯೇ. ನನ್ನನ್ನು ಕೇಳಲೇ ಇಲ್ಲ ನೀವು, ಕಾಗದ ಕೇಳಿದ್ರಿ.”

ಶೀಲಕ್ಕ ಕನ್ನಡಕ ತೆಗೆದರು. “ಹೌದು ಮಾರಾಯ. ಪದ್ಧತಿ ಮಾಡಿದವಳು ನಾನು, ಬೈಸಿಕೊಂಡವ ನೀನು. ಇಷ್ಟು ವರ್ಷ ಆ ಬಾಗಿಲು ನಿನಗೆ ತೆರೆದೇ ಇತ್ತು, ನೀನು ಆ ಕಡೆ ತಿರುಗಿ ಸಹ ನೋಡಲಿಲ್ಲ. ಇನ್ನು ಯಾರಿಗೆ ಕೊಡೂದು ನಾನು? ತಪ್ಪಾಯ್ತು. ಕೀ ತೆಗೆದುಕೋ.”

ಕೆಲಸದಾಳಿಗೆ ಶೀಲಕ್ಕ ತಪ್ಪಾಯ್ತು ಎಂದದ್ದನ್ನು ಆ ಆಫೀಸಿನ ಗೋಡೆಗಳೂ ಕೇಳಿರಲಿಲ್ಲ. ಸುಕೇಶ್ ಎರಡೂ ಕೀಲಿಗೊಂಚಲುಗಳನ್ನು ತೆಗೆದುಕೊಂಡ.

ಭುವನೇಶ್ವರಿ ಹೆಸರು ಬರೆದು, ಸಾಲುಗಳನ್ನೆಲ್ಲ ಹೊಸ ಸರ್ವರಿನ ಭಾಷೆಗೆ ಏರಿಸಿದಳು. ಸರಿಯಾಗಿ ಕೂತಿತೋ ಎಂದು ನೋಡಲು ಮೊದಲು ನಂಬರಿನಲ್ಲಿ, ಆಮೇಲೆ ಹೆಸರಿನಲ್ಲಿ ಇಳಿಸಿದಳು. ಮಸಾಲೆ ಫೈಲಿನ ಅನುಮತಿಗಳ ಪ್ರಿಂಟ್ ತೆಗೆದು ಬೆಳಗಿನ ಕಾಗದದ ಪಕ್ಕದಲ್ಲಿಟ್ಟಳು. ಶೀಲಾವತಿ, ಓದಬಹುದು, ತಿದ್ದಬಹುದು. ಸುಕೇಶ್, ಓದಬಹುದು.

ಶೀಲಕ್ಕ ಬಗ್ಗಿ ಎರಡನ್ನೂ ನೋಡಿದರು. “ಇದೆಂತದು ಮಾರಾಯ್ತಿ, ಇಷ್ಟೆಲ್ಲ ಮಾಡಿ ಎರಡೂ ಒಂದೇ ಉಂಟಲ್ಲ! ಒಂದಕ್ಷರ ಹೆಚ್ಚುಕಮ್ಮಿ ಇಲ್ಲ.”

“ಹೌದ್ರಿ, ಒಂದಕ್ಷರನೂ ಇಲ್ಲ” ಎಂದಳು ಭುವನೇಶ್ವರಿ. ಅವಳಿಗೆ ನಗು ಬಂತು. ಇಷ್ಟು ವರ್ಷದ ಕಸುಬಿನಲ್ಲಿ ಒಂದೇ ಸಾಲನ್ನು ಎರಡು ಸಲ ಬರೆದು ಇಷ್ಟು ಸಮಾಧಾನ ಪಟ್ಟದ್ದು ಇದೇ ಮೊದಲು.

ಸುಕೇಶ್ ಕೈ ಚಾಚಿದ. ಚಹಾ ಗ್ಲಾಸಿನ ಕಲೆ ಇದ್ದ ಕಾಗದವನ್ನು ಬದಿಗೆ ಸರಿಸಿ, ಇನ್ನೊಂದನ್ನು ಮಡಚಿ ಇಸ್ತ್ರಿ ಅಂಗಿಯ ಕಿಸೆಯೊಳಗೆ ಇಟ್ಟುಕೊಂಡ. ಆಮೇಲೆ ಮೂವರೂ ಕೆಳಗಿಳಿದು ಊಟಕ್ಕೆ ಕೂತರು.