ಮೂರು ಸಲ ತೂಗಿದ್ದು

ಆರೋಗ್ಯ ಕೇಂದ್ರದಿಂದ ಬಂದ ಹಳದಿ ಕಾರ್ಡು ಹನ್ನೊಂದು ದಿನದಿಂದ ಫ್ರಿಜ್ಜಿನ ಮೇಲೆ, ಟಾರ್ಚಿನ ಕೆಳಗೆ ಬಿದ್ದಿತ್ತು. ಅರವತ್ತೈದು ದಾಟಿದವರು ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಬಹುದು, ಗುರುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಎಂದು ಅದರಲ್ಲಿತ್ತು. ನನಗೆ ಅರವತ್ತಾರು. ಎರಡು ವರ್ಷದ ಹಿಂದೆ ಅಣ್ಣನ ಹೆಸರಿಗೂ ಇಂಥದ್ದೇ ಒಂದು ಕಾರ್ಡು ಬಂದಿತ್ತು. ಅದೂ ಇದೇ ಟಾರ್ಚಿನ ಕೆಳಗಿತ್ತು. ಇಟ್ಟವಳು ನಾನು, ಬೇರೆ ಯಾರೂ ಅಲ್ಲ.

ಅಣ್ಣ ಮತ್ತು ನಾನು ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು. ಅಂಗಡಿಗಳಿಂದ, ಔಷಧದ ಕಾರ್ಖಾನೆಗಳಿಂದ ಬರುವ ತೂಕದ ಬಟ್ಟುಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಕಚೇರಿ ಅದು. ಯಾವಾಗಲೂ ಕಿಟಕಿ ಮುಚ್ಚಿಟ್ಟ ಕೋಣೆ. ನಡುವೆ ಕಲ್ಲಿನ ಮೇಜು, ಅದರ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಅಣ್ಣ ಚಿಮುಟದಲ್ಲಿ ಬಟ್ಟನ್ನು ಎತ್ತಿಟ್ಟು, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿಯುತ್ತಿದ್ದ. ಬಾಯಿಯ ಬಿಸಿ ಗಾಳಿ ತಾಗಿದರೂ ಆ ಮುಳ್ಳು ಅಲುಗುತ್ತಿತ್ತು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ಸಣ್ಣ ದನಿಯಲ್ಲಿ ಅಂಕಿ ಹೇಳುತ್ತಿದ್ದ. ನಾನು ಅದೇ ಅಂಕಿಯನ್ನು ತಿರುಗಿ ಹೇಳಬೇಕು. ಅವನು ಉಸಿರು ಬಿಟ್ಟು "ಬರ್ಕೋ" ಅಂದ ಮೇಲೆಯೇ ನನ್ನ ಪೆನ್ನು ಕಾಗದ ಮುಟ್ಟಬೇಕು. ಹೀಗೆ ಮೂರು ಸಲ. ಮೂರೂ ಒಂದೇ ಬಂದರೆ ಬಟ್ಟಿಗೆ ಮುದ್ರೆ. ಬರದಿದ್ದರೆ ಪಕ್ಕಕ್ಕಿಟ್ಟು, ಮರುದಿನ ಮತ್ತೆ ಮೊದಲಿಂದ.

ಮನೆಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ಅತ್ತಿಗೆಯ ದಿನಸಿ ಪಟ್ಟಿಗೂ ಅಣ್ಣನದು ಅದೇ "ಬರ್ಕೋ". ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಕೇಳಿದರೆ ಅಣ್ಣ-ತಂಗಿ ಇಬ್ಬರೂ ಮೂರು ತುತ್ತು ತಿಂದೇ ಉತ್ತರ ಕೊಡುತ್ತಾರೆ ಎಂದು ಅತ್ತಿಗೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ಅಣ್ಣ ನನ್ನನ್ನು ಗುಮಾಸ್ತೆ ಎಂದೇ ಕರೆಯುತ್ತಿದ್ದ. ಹಗಲು ಹೊಲಿಗೆ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಆ ಕೆಲಸ ಹಿಡಿದವಳು ನಾನು. ನನ್ನ ಬುದ್ಧಿಯ ಮೇಲೆ ನನಗೆ ಎಂದೂ ಪೂರ್ತಿ ಭರವಸೆ ಇರಲಿಲ್ಲ. ನಿಯಮದ ಮೇಲೆ ಇತ್ತು.

ತನ್ನ ಹೆಸರಿನ ಕಾರ್ಡು ಬಂದ ದಿನ ಅಣ್ಣ ಅದನ್ನು ಕನ್ನಡಕದ ಹತ್ತಿರ ಹಿಡಿದು ಓದಿ, "ಹೋಗೋಣ್ವಾ ಗುಮಾಸ್ತೆ?" ಅಂದ. ವಿಚಾರಿಸಿ ಹೇಳುತ್ತೇನೆ ಅಂದೆ. ಮೂರು ಜನರನ್ನು ಕೇಳಿದೆ. ಆರೋಗ್ಯ ಕೇಂದ್ರದ ಡಾಕ್ಟರಮ್ಮ ತಡಮಾಡದೆ ಹಾಕಿಸಿ ಅಂದರು. ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದವರು, ಒಂದು ದಿನವೂ ಕೆಮ್ಮಿದವರಲ್ಲ, ಗಟ್ಟಿಮುಟ್ಟಾಗಿದ್ದಾರೆ, ಸುಮ್ಮನೆ ಯಾಕೆ ಚುಚ್ಚಿಸೋದು ಅಂದರು. ಮೆಡಿಕಲ್ ಶಾಪಿನವನು, ಈಗ ಅವರಿಗೆ ನೆಗಡಿ ಇದೆಯಲ್ಲ, ಮುಂದಿನ ತಿಂಗಳು ನೋಡಿ ಅಂದ. ಮೂರು ಮೂರು ಥರ ಬಂತು. ಇನ್ನೊಂದು ಸಲ ವಿಚಾರಿಸೋಣ ಎಂದು ಅಣ್ಣನಿಗೆ ಹೇಳಿ ಕಾರ್ಡನ್ನು ಟಾರ್ಚಿನ ಕೆಳಗಿಟ್ಟೆ. ಅವನು ಸರಿ ಅಂತ ತಲೆಯಾಡಿಸಿದ.

ಏಳನೆಯ ವಾರ ಅವನಿಗೆ ಚಳಿಜ್ವರ ಬಂತು. ಮೂರನೆಯ ದಿನಕ್ಕೆ ಆಸ್ಪತ್ರೆ ಸೇರಿದ. ಕೆಳಗೆ ಹಾಸಿಗೆ, ಮೇಲೆ ತಿರುಗದ ಫ್ಯಾನು, ಮೂಗಿಗೆ ಹಸಿರು ಕೊಳವೆ. ಕೂತು ಕೂತು ಏನು ಮಾಡಬೇಕೋ ತಿಳಿಯದೆ ನಾನು ಗಡಿಯಾರ ನೋಡುತ್ತ ಅವನ ಉಸಿರು ಎಣಿಸಿದೆ. ನಿಮಿಷಕ್ಕೆ ಮೂವತ್ತನಾಲ್ಕು. ಮತ್ತೆ ಎಣಿಸಿದೆ, ಮೂವತ್ತನಾಲ್ಕು. ಮತ್ತೊಮ್ಮೆ, ಮೂವತ್ತನಾಲ್ಕು. ಮೂರೂ ಒಂದೇ ಬಂದದ್ದು ಅವತ್ತು. ಅಣ್ಣ ಕಣ್ಣು ಬಿಟ್ಟು ನನ್ನ ತುಟಿ ಅಲುಗುವುದನ್ನೇ ನೋಡುತ್ತಿದ್ದ. ಏನೋ ಹೇಳುತ್ತಾನೆ ಅಂತ ಬಗ್ಗಿದೆ. ಮಾತಿಗೆ ಬೇಕಾದಷ್ಟು ಉಸಿರು ಅವನಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಹೋದ.

ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರಮ್ಮನನ್ನು ಆಮೇಲೆ ಕೇಳಿದೆ. ನ್ಯುಮೋನಿಯಾ ತರುವ ರೋಗಾಣುಗಳು ಹಲವು, ಲಸಿಕೆ ಎಲ್ಲವನ್ನೂ ತಡೆಯುವುದಿಲ್ಲ, ಅಪಾಯ ಕಡಿಮೆ ಮಾಡುತ್ತದೆ, ಇವರ ವಿಷಯದಲ್ಲಿ ಏನಾಗುತ್ತಿತ್ತು ಅಂತ ಯಾರಿಗೂ ಹೇಳಲಾಗದು ಅಂದರು. ಸಮಾಧಾನಕ್ಕೆ ಹೇಳಿದ್ದು. ನನಗೆ ಮಾತ್ರ ಎಂದೂ ನಿಲ್ಲದ ಮುಳ್ಳೊಂದನ್ನು ಕೈಗೆ ಕೊಟ್ಟು ಕಳಿಸಿದಂತಾಯಿತು.

ಅವನು ಹೋದ ಮೇಲೆ ದಿನವೂ ಮಧ್ಯಾಹ್ನ ಮೂರರ ಸುಮಾರಿಗೆ ಅದು ಶುರುವಾಯಿತು. ಅತ್ತಿಗೆ ಒಳಗೆ ಮಲಗಿರುತ್ತಾರೆ. ನಾನು ಊಟದ ಮೇಜಿನ ಹತ್ತಿರ ಪೇಪರು ಹಿಡಿದಿರುತ್ತೇನೆ. ಅಣ್ಣ ಕೂರುತ್ತಿದ್ದ ಕುರ್ಚಿಯ ಕಡೆಯಿಂದ, ಮುಖ ಪಕ್ಕಕ್ಕೆ ತಿರುಗಿಸಿ ಹೇಳಿದ ಹಾಗೆ, ಸಣ್ಣಗೆ, "ಮೂವತ್ತನಾಲ್ಕು."

ಆಮೇಲೆ ಮೌನ. ನಾನು ತಿರುಗಿ ಹೇಳಲಿ ಎಂದು ಕಾಯುವ ಮೌನ ಅದು, ನನಗೆ ಚೆನ್ನಾಗಿ ಗೊತ್ತು. ಕಿಟಕಿಯ ಪರದೆ ಅಲುಗುವುದಿಲ್ಲ. ನನಗೇ ತಿಳಿಯದೆ ನಾನೂ ಉಸಿರು ಹಿಡಿದಿರುತ್ತೇನೆ. ಎರಡು ವರ್ಷದಲ್ಲಿ ಒಂದು ದಿನವೂ ನಾನು ಆ ಅಂಕಿಯನ್ನು ತಿರುಗಿ ಹೇಳಲಿಲ್ಲ. ರಸ್ತೆಯಲ್ಲಿ ಯಾವುದೋ ಗಾಡಿಯ ಹಾರ್ನ್ ಕೇಳಿದಾಗ ಎದೆ ಸಡಿಲವಾಗುತ್ತದೆ.

ಹಾಗಾಗಿ ನನ್ನ ಹೆಸರಿನ ಕಾರ್ಡನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಆ ಸಾವು ಎಂಥದ್ದು ಅಂತ ಪಕ್ಕದಲ್ಲೇ ಕೂತು ನೋಡಿದ್ದೆ, ಭಯವಿತ್ತು. ಆದರೆ ಹೋಗಿ ಹತ್ತು ನಿಮಿಷದಲ್ಲಿ ಹಾಕಿಸಿಕೊಂಡು ಬಂದರೆ, ಅಷ್ಟು ಸಲೀಸಾದ ಕೆಲಸಕ್ಕೆ ಅಣ್ಣನನ್ನು ಏಳು ವಾರ ಕಾಯಿಸಿದೆ ಅಂತ ನಾನೇ ಒಪ್ಪಿಕೊಂಡ ಹಾಗೆ. ಅವನಿಗೆ ತಪ್ಪಿಸಿದ್ದನ್ನು ನಾನು ಮಾತ್ರ ಪಡೆಯುವುದು ಯಾವ ನ್ಯಾಯ? ಹಾಕಿಸಿಕೊಳ್ಳದೆ ಇರುವುದೊಂದೇ ಅವನಿಗಾಗಿ ನಾನು ಮಾಡಬಹುದಾದ್ದು ಅನ್ನಿಸುತ್ತಿತ್ತು.

ಬುಧವಾರ ಅತ್ತಿಗೆ ಫ್ರಿಜ್ಜಿನ ಮೇಲಿನ ಧೂಳು ಒರೆಸಲು ಟಾರ್ಚು ಎತ್ತಿದರು. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇನ್ನೂ ವಿಚಾರಿಸ್ತಾನೇ ಇದ್ದೀಯಾ?" ಅಂದರು.

ಅವರ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಇರಬೇಕು, ಎರಡು ವರ್ಷ ಬಚ್ಚಿಟ್ಟದ್ದೆಲ್ಲ ಬಾಯಿಗೆ ಬಂತು. ಅಣ್ಣ ಹೋಗೋಣ್ವಾ ಅಂತ ಕೇಳಿದ್ದು, ಮೂವರು ಹೇಳಿದ್ದು ತಾಳೆಯಾಗಲಿಲ್ಲ ಎಂದು ನಾನು ತಡೆದದ್ದು, ಎಲ್ಲ ಹೇಳಿದೆ. ಅತ್ತಿಗೆ ಕೂತರು. ಟಾರ್ಚನ್ನು ಮಡಿಲಲ್ಲಿಟ್ಟುಕೊಂಡು ಹಾಕುತ್ತ, ಆರಿಸುತ್ತ ಇದ್ದರು.

"ಆ ಮೂರರಲ್ಲಿ ಒಂದು ನಾನಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಈರುಳ್ಳಿ ಹೆಚ್ತಾ ಆಡಿದ ಮಾತು ಕಣೇ ಅದು. ನಾನೇನು ಡಾಕ್ಟರಾ? ಅದನ್ನೂ ತಕ್ಕಡಿಗೆ ಹಾಕ್ತೀಯ ಅಂತ ಗೊತ್ತಿದ್ದಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ."

ಆಗ ನನಗೆ ಹೊಳೆಯಿತು. ಮೂರು ಸಲವೂ ಒಂದೇ ತಕ್ಕಡಿಯಲ್ಲಿ ತೂಗಬೇಕು, ಆ ತಕ್ಕಡಿ ಸರಿಯಿದೆ ಅಂತ ಮೊದಲೇ ಖಾತ್ರಿಯಾಗಿರಬೇಕು. ತರಬೇತಿ ಪುಸ್ತಕದ ಮೊದಲ ಪುಟದಲ್ಲೇ ಅದಿತ್ತು, ನಾನೇ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಅಣ್ಣನ ವಿಷಯದಲ್ಲಿ ನಾನು ತೂಗಿದ್ದು ಮೂರು ತಕ್ಕಡಿಗಳಲ್ಲಿ. ಅವುಗಳಲ್ಲಿ ಎರಡನ್ನು ಯಾರೂ ಪರೀಕ್ಷಿಸಿರಲಿಲ್ಲ. ನಿಯಮ ಪಾಲಿಸಿ ತಪ್ಪು ಮಾಡಿದೆ ಅಂತಾದರೂ ಇಷ್ಟು ದಿನ ಅಂದುಕೊಂಡಿದ್ದೆ. ನಿಯಮವನ್ನೂ ಪಾಲಿಸಿರಲಿಲ್ಲ. ಕಚೇರಿಯಲ್ಲಾಗಿದ್ದರೆ ಅಣ್ಣ ಆ ಕ್ಷಣವೇ ಹಿಡಿಯುತ್ತಿದ್ದ. ಹೇಳಿದವಳು ಗುಮಾಸ್ತೆ ಎಂಬ ನಂಬಿಕೆಯಿಂದ ಅವನು ಪರೀಕ್ಷಿಸಲೇ ಇಲ್ಲ.

ಇದನ್ನೂ ಅತ್ತಿಗೆಗೆ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ.

"ಎರಡು ವರ್ಷದಿಂದ ನಾನೂ ಅದೇ ಈರುಳ್ಳಿ ಹೆಚ್ತಾ ಇದ್ದೀನಿ," ಅಂದರು. ಆಮೇಲೆ ತಾವು ಹೋದ ವರ್ಷವೇ ಲಸಿಕೆ ಹಾಕಿಸಿಕೊಂಡದ್ದನ್ನು ಹೇಳಿದರು. ತರಕಾರಿಗೆ ಹೋಗುತ್ತೇನೆ ಎಂದು ಚೀಲ ಹಿಡಿದು ಹೋಗಿದ್ದರಂತೆ. ನನಗೆ ಗೊತ್ತಾದರೆ ವಿಚಾರಿಸಲು ಹೊರಡುತ್ತೇನೆ ಅಂತ ಹೇಳಲಿಲ್ಲವಂತೆ. ಅವತ್ತು ತಂದ ಸೌತೆಕಾಯಿ ಕಹಿಯಿತ್ತು ಅಂತ ನಾನು ಗೊಣಗಿದ್ದೆನಂತೆ. ನನಗೆ ನಗು ಬಂತು, ನಗುವಿನ ಜೊತೆ ಬೇರೇನೋ ಬಂತು.

"ನೀನೂ ಹಾಗೇ ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ, ಗೋಡೆ ಹತ್ರನಾ?" ಅಂದು ಎದ್ದು ಹೋದರು. ಕಾರ್ಡನ್ನು ಟಾರ್ಚಿನ ಕೆಳಗೆ ಇಡಲಿಲ್ಲ. ತಮ್ಮ ಚೀಲದೊಳಗೆ ಹಾಕಿಕೊಂಡರು.

ಅವತ್ತು ಸಂಜೆ ಡಾಕ್ಟರಮ್ಮನಿಗೊಬ್ಬರಿಗೇ ಫೋನು ಮಾಡಿದೆ. ಹಾಕಿಸಿಕೊಳ್ಳಿ ಅಂದರು. ಬೇರೆ ಯಾರನ್ನೂ ಕೇಳಲಿಲ್ಲ.

ಗುರುವಾರ ಆರೋಗ್ಯ ಕೇಂದ್ರದಲ್ಲಿ ನಮಗಿಂತ ಮುಂದೆ ನಾಲ್ಕು ಜನರಿದ್ದರು. ನರ್ಸು ಚಿಕ್ಕ ವಯಸ್ಸಿನವಳು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದಳು. ಜ್ವರ ಇದೆಯೇ, ಯಾವುದಾದರೂ ಔಷಧ ಒಗ್ಗುವುದಿಲ್ಲವೇ ಎಂದು ಕೇಳಿದಳು. ಆಮೇಲೆ ಲಸಿಕೆಯ ಡಬ್ಬಿಯನ್ನು ಬೆಳಕಿಗೆ ಹಿಡಿದು, ರಿಜಿಸ್ಟರಿಗೆ ಬರೆಯಲು ಅದರ ಮೇಲಿನ ಅಂಕಿಗಳನ್ನು ತನ್ನಷ್ಟಕ್ಕೆ ಸಣ್ಣ ದನಿಯಲ್ಲಿ ಓದಿಕೊಂಡಳು. ನನ್ನ ಬಾಯಿ ತಾನಾಗಿ ಅವನ್ನು ತಿರುಗಿ ಹೇಳಿತು.

"ಏನಮ್ಮ, ಮಗ್ಗಿ ಒಪ್ಪಿಸ್ತಿದ್ದೀರಾ?" ಅಂದು ನಕ್ಕಳು.

ಅವಳ ಪೆನ್ನು ಕಾಗದದ ಮೇಲೆ ನಿಂತಿತ್ತು. ಪಕ್ಕದ ಕೋಣೆಯಲ್ಲಿ ಮಗುವೊಂದು ಅಳುತ್ತಿದ್ದದ್ದು ನಿಂತುಹೋಯಿತು. ನಾನು ಕೂತ ಕುರ್ಚಿಯ ಹಿಂದೆ ಆ ಮೌನ ಬಂದು ನಿಂತಿತ್ತು. ಮಧ್ಯಾಹ್ನದ ಮೌನ, ಬೆಳಿಗ್ಗೆ ಹತ್ತೂವರೆಗೆ. ನಾನು ತಿರುಗಿ ನೋಡಲಿಲ್ಲ. ಉಸಿರು ಹಿಡಿದಿದ್ದೆ. ಯಾರಾದರೂ ಆ ಒಂದು ಮಾತು ಹೇಳದಿದ್ದರೆ ಎದ್ದು ಹೊರಗೆ ನಡೆದುಬಿಡುತ್ತೇನೆ ಅಂತ ನನಗೆ ಗೊತ್ತಾಯಿತು.

"ಬರ್ಕೋ," ಅಂದರು ಅತ್ತಿಗೆ. ನನ್ನ ಕೈಚೀಲವನ್ನು ಎದೆಗೆ ಒತ್ತಿ ಹಿಡಿದು ಹಿಂದೆ ನಿಂತಿದ್ದರು.

ನರ್ಸು ಬರೆದಳು. ನಾನು ಉಸಿರು ಬಿಟ್ಟು ತೋಳು ಚಾಚಿದೆ.

ಮಧ್ಯಾಹ್ನಕ್ಕೆ ತೋಳು ನೋಯತೊಡಗಿತು. ಅತ್ತಿಗೆ ಮಲಗಲಿಲ್ಲ, ಮೇಜಿನ ಆಚೆ ಕೂತು ಕಿತ್ತುಬಂದ ಗುಂಡಿಯೊಂದನ್ನು ಹೊಲಿಯುತ್ತಿದ್ದರು. ಇವತ್ತು ಬರಲಾರದು ಅಂತ ನನ್ನೊಳಗೆ ಸಣ್ಣ ಆಸೆಯಿತ್ತು. ಮೂರು ಗಂಟೆಗೆ ಬಂತು. ಅದೇ ದನಿ, ಅದೇ ಅಂಕಿ.

"ಮೂವತ್ತನಾಲ್ಕು," ಎಂದು ನಾನು ತಿರುಗಿ ಹೇಳಿದೆ, ಅತ್ತಿಗೆಗೆ ಕೇಳಿಸುವಷ್ಟು ಗಟ್ಟಿಯಾಗಿ.

ಅತ್ತಿಗೆ ತಲೆಯೆತ್ತಿದರು. ಏನು ಅಂತ ಕೇಳಲಿಲ್ಲ. ಅಣ್ಣನ ಕುರ್ಚಿಯ ಕಡೆ ನೋಡಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಅಲುಗದೆ ಕೂತರು. ಪರದೆ ನಿಂತಿತ್ತು. ನಾವಿಬ್ಬರೂ ಆ ಒಂದು ಮಾತಿಗೆ ಕಾದೆವು.