ತೂಕದ ಷಣ್ಮುಖಪ್ಪನವರ ಹೆಗಲ ಚೀಲ

ಷಣ್ಮುಖಪ್ಪನವರ ಕೈಗೆ ಏನನ್ನಾದರೂ ಕೊಟ್ಟರೆ ಅವರು ಮೊದಲು ಅದನ್ನು ನೋಡುವುದಿಲ್ಲ. ಅಂಗೈಯಲ್ಲಿಟ್ಟು ಎರಡು ಸಲ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಕಣ್ಣು ಅರೆಮುಚ್ಚಿ, ಅದರ ತೂಕ ಹೇಳುತ್ತಾರೆ. ಪ್ರಸಾದದ ಬಾಳೆಹಣ್ಣಾಗಲಿ, ಲಗ್ನಪತ್ರಿಕೆಯಾಗಲಿ, ಯಾವುದಕ್ಕೂ ಈ ಸಂಸ್ಕಾರದಿಂದ ವಿನಾಯಿತಿಯಿಲ್ಲ. ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಮೂವತ್ನಾಲ್ಕು ವರ್ಷ ತಕ್ಕಡಿಯ ಮುಂದೆ ನಿಂತು ನಿವೃತ್ತರಾದ ಈ ಮನುಷ್ಯ ನಡೆಯುವುದೂ ಹಾಗೆಯೇ, ಎರಡೂ ಕೈಗಳನ್ನು ಮೈಯಿಂದ ತುಸು ದೂರ ಹಿಡಿದು, ತಟ್ಟೆಗಳು ಓಲಾಡದಂತೆ. ಅವರ ಬೂದುಬಣ್ಣದ ಕೋಟಿನ ಎಡಜೇಬಿನಲ್ಲಿ ಎಲೆಅಡಿಕೆಯ ಡಬ್ಬಿ, ಬಲಜೇಬಿನಲ್ಲಿ ಬೀಗದ ಕೈಗಳ ಗೊಂಚಲು. ಡಬ್ಬಿಯಲ್ಲಿ ಅಡಿಕೆ ಕಡಿಮೆಯಾದ ದಿನ ಎರಡೂ ಕಡೆ ಸಮವಾಗಲೆಂದು ಗೊಂಚಲಿನಿಂದ ಒಂದು ಬೀಗದ ಕೈ ತೆಗೆದು ಮನೆಯಲ್ಲಿಟ್ಟು ಬರುತ್ತಾರೆಂದು ನನ್ನ ಹೆಂಡತಿ ಕಲ್ಪನಾ ಹೇಳುತ್ತಿದ್ದಳು. ನಾನು ನಂಬಿರಲಿಲ್ಲ, ಒಂದು ಮಧ್ಯಾಹ್ನ ಅವರು ತಮ್ಮದೇ ಮನೆಯ ಬೀಗದ ಮುಂದೆ ಪೆಚ್ಚಾಗಿ ನಿಂತಿದ್ದನ್ನು ನೋಡುವವರೆಗೆ.

ನಮ್ಮ ಬೀದಿಯ ಮೊಬೈಲ್ ಅಂಗಡಿಯ ಸಾದಿಕ್‌ಗೆ ಮಗಳು ಹುಟ್ಟಿದಾಗ ಕೂಸನ್ನು ಎತ್ತಿಕೊಂಡು "ಎರಡು ಎಂಟುನೂರು" ಎಂದರು. ಆಸ್ಪತ್ರೆಯ ಚೀಟಿಯಲ್ಲೂ ಅಷ್ಟೇ ಇತ್ತು. "ಅಂದಾಜಲ್ಲ ರೀ, ತೂಕ" ಎಂಬುದು ಅವರ ಮಾತು.

ಈ ಕೈಯೇ ಅವರಿಗೆ ಮುಳುವಾಯಿತು. ನಾಲ್ಕು ವರ್ಷದ ಹಿಂದೆ ತಂಗಿ ಸಾವಂತ್ರಮ್ಮನ ಮಗಳ ಮದುವೆಯಲ್ಲಿ, ಐದು ಕೆ.ಜಿ. ಲಾಡು ಎಂದು ಬೀಗರು ಬೀಗುತ್ತ ಕೊಟ್ಟ ಬುಟ್ಟಿಯನ್ನು ಇವರು ಇಸಿದುಕೊಂಡರು. ಎರಡು ಸಲ ಆಡಿಸಿದರು. ತುಂಬಿದ ಮಂಟಪದಲ್ಲಿ, ವಾಲಗ ನಿಂತ ಹೊತ್ತಿಗೆ ಸರಿಯಾಗಿ, "ನಾಲ್ಕು ಇನ್ನೂರು" ಎಂದು ಸಾರಿ, ನ್ಯಾಯಕ್ಕೆ ಕೊರತೆಯಾಗಬಾರದೆಂದು "ಬುಟ್ಟಿ ಸೇರಿ" ಎಂದೂ ಸೇರಿಸಿದರು. ಮುನಿದು ಕೂತ ಬೀಗರನ್ನು ಊಟಕ್ಕೆ ಏಳಿಸುವಷ್ಟರಲ್ಲಿ ಸಾವಂತ್ರಮ್ಮನಿಗೆ ಸಾಕುಬೇಕಾಯಿತು. "ಕೈ ಮನೇಲಿ ಬಿಟ್ಟು ಬರಾಕಾದ್ರೆ ಬಾ ಅಣ್ಣ, ಇಲ್ಲಾಂದ್ರೆ ನಮ್ಮ ಹೊಸ್ತಿಲು ತುಳೀಬೇಡ" ಎಂದುಬಿಟ್ಟಳು. ಅಲ್ಲಿಂದ ನಾಲ್ಕು ನಾಗರಪಂಚಮಿ ಕಳೆದವು. ಅಣ್ಣ ಹೋಗಿ ಅಕ್ಕಿ, ಕಾಯಿ, ಸೀರೆ ಕೊಟ್ಟು ತಂಗಿಗೆ ಉಡಿ ತುಂಬಲಿಲ್ಲ. ಆ ಹಬ್ಬದ ದಿನ ಮಾತ್ರ ಷಣ್ಮುಖಪ್ಪನವರು ಏನನ್ನು ಕೊಟ್ಟರೂ ತೂಗದೆ ಕೆಳಗಿಡುತ್ತಿದ್ದರು. ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಈ ಸಲದ ಪಂಚಮಿಗೆ ಇನ್ನೂ ತಿಂಗಳಿರುವಾಗ ಸಾದಿಕ್ ಮೊಬೈಲಿನಲ್ಲಿ ಏನೇನೋ ವಿಡಿಯೋ ನೋಡಿ, ಶನಿವಾರ ಭಾನುವಾರ ಡೇರೆ ಹೊತ್ತು ನಡೆದು ಬರೋಣವೆಂದು ಹಟ ಹಿಡಿದ. ನಾವ್ಯಾರೂ ಬಸ್‌ಸ್ಟ್ಯಾಂಡಿಗಿಂತ ಆಚೆ ನಡೆದವರಲ್ಲ. ಅವನು ನ್ಯಾಮತಿ ಕಡೆಯ ಗುಡ್ಡ ಎಂದ. ಷಣ್ಮುಖಪ್ಪನವರು "ಬ್ಯಾಡ, ಸೂಳೆಕೆರೆ ದಂಡೆ ಹಿಡಿದು ಹೋಗಾಣ. ಹಂಗಾದ್ರೆ ನಾನೂ ಬರ್ತೀನಿ" ಎಂದು ನೆಲ ನೋಡಿದರು. ಆ ದಂಡೆಯ ಹಳ್ಳಿಯಲ್ಲೇ ಸಾವಂತ್ರಮ್ಮನ ಮನೆ. ನಾವಿಬ್ಬರೂ ತೆಪ್ಪಗೆ ಒಪ್ಪಿಕೊಂಡೆವು.

ಶುಕ್ರವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಚೀಲ ಕಟ್ಟುವ ಸಮಾರಂಭ. ಹೊಸಬರ ಚೀಲ ಎಂಟು ಕೆ.ಜಿ. ಮೀರಬಾರದೆಂದು ಸಾದಿಕ್ ಓದಿ ಹೇಳಿದ್ದೇ ತಡ, ಷಣ್ಮುಖಪ್ಪನವರಲ್ಲಿ ಮಂಡಿಯ ಹಳೆಯ ದೈವ ಆವೇಶವಾಯಿತು. ನನ್ನ ಎರಡನೆಯ ಲುಂಗಿ ಹೊರಬಿತ್ತು. ಸೋಪನ್ನು ಈಳಿಗೆಯಲ್ಲಿ ಅರ್ಧ ಮಾಡಿದರು. ಕಲ್ಪನಾ ಪ್ರೀತಿಯಿಂದ ತುಂಬಿದ ಸ್ಟೀಲಿನ ಟಿಫನ್ ಕ್ಯಾರಿಯರನ್ನು "ಇದು ಊಟಾನಾ, ಕಬ್ಬಿಣದ ಅಂಗಡೀನಾ?" ಎಂದು ಪಕ್ಕಕ್ಕೆ ಸರಿಸಿ, ರೊಟ್ಟಿಗಳನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿಸಿದರು. ಆಮೇಲೆ ದಾರಿಯ ಆಹಾರವಾಗಿ, ತೂಕ ನೋಡಿ ಬಹಳ ಯೋಚಿಸಿ, ಮೂರು ಕೆ.ಜಿ. ಮಂಡಕ್ಕಿಗೆ ಒಪ್ಪಿಗೆ ಕೊಟ್ಟರು. ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು. ಆದರೆ ಮೂರು ಕೆ.ಜಿ. ಮಂಡಕ್ಕಿ ಬಂದಾಗ ಪಡಸಾಲೆಯಲ್ಲಿ ನಮಗೆ ಕೂರಲು ಜಾಗವಿರಲಿಲ್ಲ. ಸಾದಿಕ್‌ನ ಚೀಲದಿಂದ ಡೇರೆಯನ್ನು ಹೊರಗೆ ತೆಗೆದು ಚೀಲದ ಮೇಲೆ ಬಿಗಿದು, ಮಂಡಕ್ಕಿಯನ್ನು ಒಳಗೆ ತುರುಕಬೇಕಾಯಿತು, ಉಳಿದದ್ದು ಗೋಣಿಚೀಲದಲ್ಲಿ ನನ್ನ ತಲೆಯ ಮೇಲೆ. ಜನ್ಮವಿಡೀ ತೂಕವನ್ನೇ ನೋಡಿದವರಿಗೆ ಗಾತ್ರ ಎಂಬುದೊಂದು ಇದೆಯೆಂದು ಅಂದೇ ತಿಳಿದದ್ದು.

ಬೆಳಿಗ್ಗೆ ಅವರು ತಮ್ಮ ಚೀಲದೊಂದಿಗೆ ಬಂದರು. ನಾನು ಎತ್ತಿ ನೋಡಲು ಹೋದರೆ ಕೈ ತಟ್ಟಿದರು. "ನಂದು ಮನೇಲೇ ತೂಗೀನಿ. ಎಂಟು."

ಅಂದಾಜಲ್ಲ, ತೂಕ ಎಂದು ಸೇರಿಸಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಮೊದಲ ಹರದಾರಿಯಲ್ಲೇ ಅವರ ತಕ್ಕಡಿಯ ನಡಿಗೆ ಒಂದು ಕಡೆಗೆ ವಾಲಿತು. ಬೆವರು ಕೋಟಿನ ಹೊರಗೆ ಇಳಿಯಿತು. ಮಧ್ಯಾಹ್ನ ಕೆರೆಯ ಏರಿಯ ಮೇಲೆ ಕುಳಿತಾಗ ಸಾದಿಕ್ ತಡೆಯಲಾರದೆ ಅವರ ಚೀಲದ ಜಿಪ್ ಎಳೆದ: ಐದು ತೆಂಗಿನಕಾಯಿ, ಐದು ಸೇರು ಅಕ್ಕಿ, ಬೆಲ್ಲದ ಅಚ್ಚುಗಳು, ಒಂದು ಹಸಿರು ಸೀರೆ, ಖಣ, ಟವಲಿನಲ್ಲಿ ಸುತ್ತಿದ ಬಳೆ.

"ಅಪ್ಪಾರೇ, ರಗ್ಗು ಎಲ್ಲಿ? ಟಾರ್ಚ್ ಎಲ್ಲಿ?"

"ಜಾಗ ಇರಲಿಲ್ಲೋ."

ನನ್ನ ಲುಂಗಿಯನ್ನು ನೆನೆದು ನನಗೆ ಸಿಟ್ಟು ಬರಬೇಕಿತ್ತು, ಸೀರೆಯನ್ನು ಮಡಿಕೆ ಕೆಡದಂತೆ ಮತ್ತೆ ಒಳಗಿಟ್ಟೆ.

ಇಳಿಹೊತ್ತಿಗೆ ಸಾವಂತ್ರಮ್ಮನ ಅಂಗಳ ತಲುಪಿದೆವು. ಷಣ್ಮುಖಪ್ಪನವರು ಹೊಸ್ತಿಲಿಂದ ಮಾರು ದೂರ ನಿಂತು, ಎರಡೂ ಕೈಗಳನ್ನು ಕೋಟಿನ ಜೇಬಿನೊಳಗೆ ಹುದುಗಿಸಿಕೊಂಡರು. ಆಕೆ ಹೊರಬಂದು ಅಣ್ಣನನ್ನೂ ಆ ಜೇಬುಗಳನ್ನೂ ನೋಡಿದಳು. ಬಂದವರ ಚೀಲ ಇಳಿಸಿಕೊಳ್ಳುವುದು ನಮ್ಮ ಕಡೆ ಮನೆಯವರ ಪಾಲಿನ ಮರ್ಯಾದೆ, ಮುನಿಸಿದ್ದರೂ ಅದು ತಪ್ಪದು. ಆಕೆ ಪಟ್ಟಿ ಹಿಡಿದು ಎಳೆದುಕೊಂಡವಳೇ ಭಾರಕ್ಕೆ ಬಾಗಿ, "ಏನಣ್ಣ ಇದು, ಇಷ್ಟು ಹೊತ್ತು ನಡಕಂಡು ಬಂದೀಯಾ? ಎಷ್ಟೈತೆ?" ಎಂದಳು.

ಸಾದಿಕ್ ನನ್ನ ಮುಖ ನೋಡಿದ.

"ಗೊತ್ತಿಲ್ಲವ್ವ," ಎಂದರು ಷಣ್ಮುಖಪ್ಪನವರು. "ತೂಗಿಲ್ಲ."

ಸಾವಂತ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಕೈ ತೊಳ್ಕೊ, ಬಾ ಒಳಗೆ" ಎಂದಳು. ಡೇರೆ ಆಕೆಯ ಅಂಗಳದಲ್ಲೇ ಏಳಬೇಕಾಯಿತು, ಮಂಡಕ್ಕಿಗೆ ಒಗ್ಗರಣೆ ಬಿದ್ದು ಓಣಿಯೆಲ್ಲ ತಿಂದಿತು, ನಮ್ಮ ಎರಡು ದಿನದ ಪ್ರವಾಸ ಆ ಮನೆಯ ಜಗಲಿಯಲ್ಲೇ ಮುಗಿಯಿತು.

ಎಲ್ಲವನ್ನೂ ಕರಾರುವಾಕ್ಕಾಗಿ ಅಳೆಯುವ ಇಂಥವರ ಜೊತೆ ಬಾಳುವುದು ಸುಲಭವಲ್ಲ. ಅವರು ಹೇಳುವುದು ನಿಜವೇ ಆಗಿರುವುದರಿಂದ ಇನ್ನೂ ಕಷ್ಟ. ಆದರೆ ಅವರು ಯಾರಿಗಾಗಿಯೋ ಒಮ್ಮೆ ಲೆಕ್ಕ ತಿಳಿಯದಂತೆ ನಟಿಸಿದರೆ ಅದು ಸಣ್ಣ ಮಾತಲ್ಲ. ನಾವು ದಿನಕ್ಕೆ ಹತ್ತು ಸುಳ್ಳು ಹೇಳುವವರು, ಅದರ ಭಾರ ನಮಗೆ ತಿಳಿಯುವುದಿಲ್ಲ.