ಅಳಿಸಿಹೋದ ಐಸಿ

ಗುಡುಗು ಮಳೆಗೆ ಹೋಗಿದ್ದ ಕರೆಂಟು ಮತ್ತೆ ಬಂದಾಗ ಮನೆಯ ಬಲ್ಬುಗಳು ಒಮ್ಮೆ ಕಣ್ಣು ಕುಕ್ಕುವಂತೆ ಉರಿದು ಸಪ್ಪಗಾದವು. ಖಮರುನ್ನೀಸಾ ಅವರ ಮಂಚದ ಪಕ್ಕದಲ್ಲಿದ್ದ ಆಕ್ಸಿಜನ್ ಮಿಷನ್ ಕೀಂ ಎಂದು ಕೂಗತೊಡಗಿತು. ಮೋಟರು ತಿರುಗುತ್ತಲೇ ಇತ್ತು. ನಾಲ್ಕು ವರ್ಷದಿಂದ ಆ ಮನೆಯಲ್ಲಿ ಎಡೆಬಿಡದೆ ಕೇಳುತ್ತಿದ್ದ ವಾಲ್ವಿನ ಸದ್ದು ಮಾತ್ರ ನಿಂತುಹೋಗಿತ್ತು.

ಮಗಳು ಯಾಸ್ಮಿನ್ ಅಮ್ಮನ ಮೂಗಿಗೆ ಆಪತ್ತಿಗೆಂದು ಇಟ್ಟಿದ್ದ ಸಿಲಿಂಡರಿನ ನಳಿಗೆ ಸಿಕ್ಕಿಸಿ, ಮಿಷನ್ನಿನ ಮುಚ್ಚಳ ಬಿಚ್ಚಿ ಮಲ್ಟಿಮೀಟರ್ ಹಿಡಿದು ಕೂತಳು. ಮೂವತ್ತಾರರ ಯಾಸ್ಮಿನ್‌ಗೆ ಕೃಷ್ಣರಾಜನಗರದ ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇತ್ತು. ಅಪ್ಪ ಅಸದುಲ್ಲಾ ರೇಡಿಯೋ, ಟೀವಿ ಬಿಚ್ಚುತ್ತಿದ್ದ ಮೇಜಿನ ಮೇಲೆ ಅವಳು ಈಗ ಪಂಪ್‌ಸೆಟ್ಟಿನ ಸ್ಟಾರ್ಟರು, ಮಿಕ್ಸಿ ಬಿಚ್ಚುತ್ತಿದ್ದಳು. ಕೋವಿಡ್‌ನ ಎರಡನೇ ಅಲೆಯಲ್ಲಿ ಅಪ್ಪ ಅಮ್ಮ ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿದ್ದರು. ಅಪ್ಪ ಅಲ್ಲೇ ತೀರಿಕೊಂಡರು. ಅಮ್ಮ ಮನೆಗೆ ಬಂದರು, ಆದರೆ ಮಿಷನ್ ಇಲ್ಲದೆ ಹತ್ತು ಹೆಜ್ಜೆ ನಡೆಯಲಾರದ ಸ್ಥಿತಿಯಲ್ಲಿ.

ಬೋರ್ಡಿನ ಮೇಲೆ ಹದಿನೆಂಟು ಕಾಲಿನ ಒಂದು ಐಸಿ, ಅಂದರೆ ಚಿಪ್, ಸತ್ತಿತ್ತು. ವಾಲ್ವುಗಳನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುತ್ತಿದ್ದುದು ಅದೇ. ಅಂಥ ಖಾಲಿ ಐಸಿ ಮೈಸೂರಿನಲ್ಲಿ ಸಿಕ್ಕಿತು. ಅದರೊಳಗಿರಬೇಕಾದ ಪ್ರೋಗ್ರಾಂ ಎಲ್ಲೂ ಸಿಗಲಿಲ್ಲ. ಮಿಷನ್ ಮಾಡಿದ ಕಂಪನಿಯ ನಂಬರಿಗೆ ಫೋನ್ ಹೋಗುತ್ತಿರಲಿಲ್ಲ. ದಿನಕ್ಕೊಂದು ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು, ಅದೂ ಬಂದರೆ ಬಂತು.

"ಆಸ್ಪತ್ರೆಗೆ ಹೋಗೋಣ ಅಮ್ಮಿ," ಎಂದಳು ಯಾಸ್ಮಿನ್.

"ಆ ವಾರ್ಡಿಗೆ ಮಾತ್ರ ಕಳಿಸಬೇಡ ಬೇಟಿ. ಆ ಮಂಚ ನೋಡಿದರೆ ನಿಮ್ಮ ಅಬ್ಬಾನೇ ಕಾಣ್ತಾರೆ."

ಆಗ ಅವಳಿಗೆ ನೆನಪಾದದ್ದು ಮಹದೇವಪ್ಪ. ಅಂದು ದಾನಿಗಳು ಕೊಟ್ಟಿದ್ದ ಇಂಥದೇ ಎರಡು ಮಿಷನ್‌ಗಳಲ್ಲಿ ಇನ್ನೊಂದು ಆರು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಅವನ ತಾಯಿ ದೊಡ್ಡತಾಯಮ್ಮನ ಹತ್ತಿರ ಇತ್ತು. ಅದರ ಐಸಿಯಲ್ಲಿ ಇರುವುದನ್ನು ಓದಿ ಹೊಸದಕ್ಕೆ ಬರೆದರೆ ಆಯಿತು. ಓದಲು, ಬರೆಯಲು ಪ್ರೋಗ್ರಾಮರ್ ಎಂಬ ಸಾಧನ ಬೇಕು. ತರಿಸಿದರೆ ಬರಲು ವಾರ ಹಿಡಿಯುತ್ತಿತ್ತು. ಯಾಸ್ಮಿನ್ ತಾನೇ ಕಟ್ಟಿದಳು. ತೂತುಬೋರ್ಡಿನ ಮೇಲೆ ಮೂರು ಟ್ರಾನ್ಸಿಸ್ಟರ್, ಹಳೆಯ ಟೀವಿಗಳಿಂದ ಕಿತ್ತ ರೆಸಿಸ್ಟರ್‌ಗಳು, ಐಸಿ ಕೂರಿಸಲು ಒಂದು ಬೇಸ್. ಬರೆಯುವಾಗ ಐಸಿಗೆ ಹದಿಮೂರು ವೋಲ್ಟ್ ಬೇಕು. ಒಂಬತ್ತು ವೋಲ್ಟಿನ ಎರಡು ಬ್ಯಾಟರಿ ಜೋಡಿಸಿ, ಹೆಚ್ಚಾದದ್ದನ್ನು ತಡೆಯಲು ಝೀನರ್ ಹಾಕಿದಳು. ಜೆರಾಕ್ಸ್ ಅಂಗಡಿಯ ಮಲ್ಲೇಶ್ ಮೂಲೆಗೆ ಎಸೆದಿದ್ದ ಹಳೆಯ ಕಂಪ್ಯೂಟರ್ ಒರೆಸಿ ಕೊಟ್ಟ. ಖಾಲಿ ಐಸಿಯೊಂದಕ್ಕೆ ಸಣ್ಣ ಪ್ರೋಗ್ರಾಂ ಬರೆದು ನೋಡಿದಾಗ ಕೆಂಪು ದೀಪ ಮಿನುಗಿತು. ಎರಡು ದಿನದಲ್ಲಿ ಅವಳು ಮೊದಲ ಸಲ ನಕ್ಕಳು.

ಮರುದಿನ ಬೆಳಿಗ್ಗೆ ಮಹದೇವಪ್ಪನೇ ಮಿಷನ್ನನ್ನು ಆಟೋಗೆ ಎತ್ತಿಕೊಟ್ಟ.

"ಸಂಜೆ ಆರ್ ಗಂಟೆಗೆ ತಂದ್ಬುಡವ್ವ. ಕತ್ಲಾಯ್ತಿದ್ದಂಗೆ ನಮ್ಮವ್ವುಂಗೆ ಉಸ್ರು ಕಟ್ಕತದೆ."

"ತರ್ತೀನಿ ಅಣ್ಣ. ಒಳಗಿರೋದನ್ನ ಕಾಪಿ ಮಾಡ್ಕೊಂಡು ಹಂಗೇ ವಾಪಸ್ ಹಾಕ್ತೀನಿ."

"ಏನೂ ಆಗಾಕಿಲ್ಲ ಅಲ್ವಾ?"

"ಇಲ್ಲ ಅಣ್ಣ."

ಮಧ್ಯಾಹ್ನ ಒಂದು ಗಂಟೆಗೆ ಅವಳು ಮಲ್ಲೇಶನ ಅಂಗಡಿಯಲ್ಲಿ ಕೂತು ಆ ಐಸಿಯನ್ನು ಓದಿಸಿದಳು. ಪರದೆಯ ತುಂಬ ಸೊನ್ನೆಗಳು ಬಂದವು. ತಂತಿ ಅಲುಗಾಡಿರಬೇಕೆಂದು ಬೆಸುಗೆ ಮತ್ತೆ ಹಾಕಿ ಓದಿಸಿದಳು. ಮತ್ತೆ ಸೊನ್ನೆ. ಪ್ರೋಗ್ರಾಂ ಯಾರೂ ನಕಲು ಮಾಡಬಾರದೆಂದು ಕಂಪನಿಯವರು ಐಸಿಗೆ ಬೀಗ ಹಾಕಿದ್ದರು.

ಬೀಗ ತೆಗೆದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಇಂಟರ್ನೆಟ್ಟಿನಲ್ಲಿ ಯಾರೋ ಒಬ್ಬ, ಹಳೆಯ ಐಸಿಗಳಲ್ಲಿ ಬೀಗವನ್ನು ಮಾತ್ರ ತೆಗೆಯಬಹುದು, ತಾನು ತೆಗೆದಿದ್ದೇನೆ ಎಂದು ಬರೆದಿದ್ದ. ಯಾಸ್ಮಿನ್ ಆ ನಾಲ್ಕು ಸಾಲನ್ನು ಮತ್ತೆ ಮತ್ತೆ ಓದಿದಳು. ನಾಲ್ಕು ಗಂಟೆಗೆ ಅಮ್ಮ ಫೋನ್ ಮಾಡಿದರು. ಮಾತಿಗಿಂತ ಏದುಸಿರೇ ಹೆಚ್ಚು ಕೇಳಿಸಿತು. "ಸಿಲಿಂಡರ್ ಮುಳ್ಳು ಕೆಂಪಿಗೆ ಬಂತು ಬೇಟಿ. ಹೊಸದು ಇನ್ನೂ ಬಂದಿಲ್ಲ."

ಅವಳು ಬೀಗದ ಗುರುತು ತೆಗೆದು 'ಬರೆ' ಎಂಬುದನ್ನು ಒತ್ತಿದಳು. ಮುಗಿಯಲು ಎರಡು ಸೆಕೆಂಡೂ ಬೇಕಾಗಲಿಲ್ಲ. ಮತ್ತೆ ಓದಿಸಿದಳು. ಸೊನ್ನೆಗಳ ಜಾಗದಲ್ಲಿ ಸಾಲುಸಾಲಾಗಿ ಒಂದೇ ಸಂಖ್ಯೆ ಬಂತು. ಹೊಸ ಐಸಿಯನ್ನು ಓದಿಸಿದಾಗಲೂ ಅದೇ ಬಂದಿತ್ತು. ಐಸಿ ಪೂರ್ತಿ ಖಾಲಿಯಾಗಿತ್ತು.

"ಬಂತಾ ಅಕ್ಕ?" ಎಂದ ಮಲ್ಲೇಶ್. ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಸುಮ್ಮನೆ ಮುಚ್ಚಳ ಹಾಕಿ ಒಪ್ಪಿಸಿಬಿಟ್ಟರೆ ತಾನಾಗೇ ಕೆಟ್ಟಿತೆಂದು ಅವರು ತಿಳಿಯುತ್ತಾರೆ ಎಂಬ ಯೋಚನೆಯೂ ಬಂತು. ಮಿಷನ್ನನ್ನು ಅಲ್ಲೇ ಬಿಟ್ಟು ಎದ್ದಳು.

ಮನೆಗೆ ಹೋದಾಗ ಸಿಲಿಂಡರ್ ಬಂದಿತ್ತು. ಒಂದೇ ಒಂದು. ಯಾಸ್ಮಿನ್ ನಡೆದದ್ದನ್ನು ಅಮ್ಮನಿಗೆ ಹೇಳಿದಳು. ಖಮರುನ್ನೀಸಾ ಹೊಸ ಸಿಲಿಂಡರಿನ ಮೇಲೆ ಕೈ ಇಟ್ಟರು.

"ಇದನ್ನ ಆಯಮ್ಮನಿಗೆ ತಗೊಂಡುಹೋಗು," ಎಂದರು. "ನನ್ನನ್ನ ಆಸ್ಪತ್ರೆಗೆ ಸೇರಿಸು."

"ಅಮ್ಮಿ, ಅಲ್ಲಿಗೆ ನೀವು..."

"ಹಳ್ಳಿಯಿಂದ ಅವರು ಕತ್ತಲಲ್ಲಿ ಎಲ್ಲಿಗೆ ಓಡ್ತಾರೆ? ನಮಗೆ ಆಸ್ಪತ್ರೆ ಹತ್ತಿರ. ಏಳು."

ಅಮ್ಮನನ್ನು ಸೇರಿಸಿ, ಚೀಟಿ ಮಾಡಿಸಿ, ಅವಳು ಹಳ್ಳಿ ತಲುಪುವಾಗ ಏಳು ಗಂಟೆ ದಾಟಿತ್ತು. ದೊಡ್ಡತಾಯಮ್ಮ ಜಗಲಿಯಲ್ಲಿ ಮುಂದಕ್ಕೆ ಬಾಗಿ ಕೂತು, ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಮಹದೇವಪ್ಪ ಸಿಲಿಂಡರ್ ಇಳಿಸಿ ಅವ್ವನಿಗೆ ನಳಿಗೆ ಹಾಕಿದ. ಆಮೇಲೆ ಯಾಸ್ಮಿನ್‌ಳನ್ನು ಅಂಗಳದಾಚೆಗೆ ಕರೆದ.

"ಮಿಷನ್ ಎಲ್ಲವ್ವ?"

"ನಾನೇ ಹಾಳು ಮಾಡಿದೆ ಅಣ್ಣ. ಅಳಿಸಿಹೋಗಬಹುದು ಅಂತ ಗೊತ್ತಿತ್ತು. ಆದ್ರೂ ಒತ್ತಿದೆ."

ಮಹದೇವಪ್ಪ ಒಂದು ಹೆಜ್ಜೆ ಮುಂದೆ ಬಂದ. "ನಿಮ್ಮವ್ವುಂದು ಮಾತ್ರ ಉಸ್ರಾ? ನಮ್ಮವ್ವುಂದೇನು ಗಾಳಿಗೆ ಬಿದ್ದಿತ್ತಾ? ನಂಬಿ ಎತ್ತಿ ಕೊಟ್ನಲ್ಲ ನಾನು!"

ಅವನು ರಸ್ತೆಯ ಕಡೆ ಕೈ ತೋರಿಸಿದ.

"ಓಗು. ನಿಂತ್ಕಬ್ಯಾಡ ಇಲ್ಲಿ. ಏನಾರ ಮಾಡಿ ಸರಿ ಮಾಡ್ಕಂಡು ಬಾ."

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವಳಿಗೆ ಹೊಳೆಯಿತು. ಕಂಪನಿಯವರ ಪ್ರೋಗ್ರಾಮೇ ಏಕೆ ಬೇಕು? ಎರಡು ವಾಲ್ವು ಸರದಿಯ ಮೇಲೆ ತೆರೆದು ಮುಚ್ಚಬೇಕು, ಅಷ್ಟೇ. ಹೋದ ರಂಜಾನ್ ಹಬ್ಬದಲ್ಲಿ ಅಮ್ಮ ಸೇಮಿಯಾ ತಿನ್ನುವ ವಿಡಿಯೋ ಫೋನಿನಲ್ಲಿತ್ತು. ಹಿನ್ನೆಲೆಯಲ್ಲಿ ಮಿಷನ್ ಸದ್ದಿತ್ತು. ಅದನ್ನು ಕಿವಿಗೆ ಹಿಡಿದು ಎಣಿಸಿದಳು: ಒಂದು ಕಡೆ ಏಳು ಸೆಕೆಂಡು, ನಡುವೆ ಅರ್ಧ, ಇನ್ನೊಂದು ಕಡೆ ಏಳು. ಇದು ಮೂರು ದಿನ ಮೊದಲೇ ಹೊಳೆದಿದ್ದರೆ ಯಾರ ಐಸಿಯನ್ನೂ ಮುಟ್ಟಬೇಕಿರಲಿಲ್ಲ, ಅಮ್ಮ ಈ ವಾರ್ಡಿನಲ್ಲಿ ಮಲಗಬೇಕಿರಲಿಲ್ಲ. ಅದನ್ನು ನೆನೆದಾಗ ಅಳುವೂ ಬರಲಿಲ್ಲ.

ಪ್ರೋಗ್ರಾಂ ಬರೆಯಲು ಎರಡು ದಿನ ಹಿಡಿಯಿತು. ಅಷ್ಟೂ ದಿನ ಮೈಸೂರಿನಿಂದ ಬಂದ ಸಿಲಿಂಡರು ಹಳ್ಳಿಗೇ ಹೋಯಿತು. ಗಾಳಿಯಲ್ಲಿ ಆಕ್ಸಿಜನ್ ಶೇಕಡ ಎಷ್ಟಿದೆ ಎಂದು ಅಳೆಯಲು ಸಿಲಿಂಡರ್ ಅಂಗಡಿಯವರಿಂದ ತಂದ ಮೀಟರು ಮೊದಲು ಎಪ್ಪತ್ತೊಂದು ತೋರಿಸಿತು. ಸಮಯ ಅಷ್ಟಷ್ಟೇ ಬದಲಿಸಿ ಎಂಬತ್ತೆಂಟಕ್ಕೆ ತಂದಳು. ಮೂರನೆಯ ದಿನ ಬೆಳಿಗ್ಗೆ ಮಹದೇವಪ್ಪನ ಮಿಷನ್ನನ್ನು ಅವನ ಮನೆಯಲ್ಲಿ ಓಡಿಸಿ ತೋರಿಸುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಅಮ್ಮಿ ನಸುಕಿನಿಂದ ಯಾರಿಗೂ ಉತ್ತರ ಕೊಡುತ್ತಿರಲಿಲ್ಲವಂತೆ. ಎಂಟೂಕಾಲಿಗೆ ಹೋದರಂತೆ.

ಮಣ್ಣಿಗೆ ಮಹದೇವಪ್ಪ ಬಂದಿದ್ದ. ಚಪ್ಪಲಿ ಬಿಚ್ಚಿ ಖಬರಸ್ತಾನದ ಗೇಟಿನ ಹೊರಗೇ ನಿಂತಿದ್ದು ಹೋದ.

ತಿಂಗಳಾದ ಮೇಲೆ ಯಾಸ್ಮಿನ್ ಮೀಟರು ಹಿಡಿದು ಆ ಹಳ್ಳಿಗೆ ಹೋದಳು. ದೊಡ್ಡತಾಯಮ್ಮ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದರು.

"ನಿಮ್ಮವ್ವ ಎಂಗವ್ರೆ ಕಣವ್ವ? ಆಸ್ಪತ್ರೆಯಿಂದ ಬಂದ್ರಾ? ನಂಗೆ ಸಿಲಿಂಡರ್ ಕಳ್ಸಿ ಅವ್ರು ಓಗಿ ಮಲಗವ್ರೆ ಅಂದ ಇವ್ನು."

ಬಾಗಿಲಲ್ಲಿದ್ದ ಮಹದೇವಪ್ಪ ಹೇಳಬೇಡವೆಂಬಂತೆ ತಲೆಯಾಡಿಸಿದ. ಯಾಸ್ಮಿನ್ ಅವನ ಮುಖ ನೋಡಿದಳು, ಆಮೇಲೆ ಮುದುಕಿಯ ಮುಖ.

"ತೀರ್ಕೊಂಡ್ರು ಅವ್ವ. ಮಿಷನ್ ತಂದ ದಿನಾನೇ."

ದೊಡ್ಡತಾಯಮ್ಮನ ಕೈ ನಿಂತಿತು. "ಅಯ್ಯೋ ನನ್ ಕಂದಾ," ಎಂದವರು ಮಗನ ಕಡೆ ತಿರುಗಿದರು. "ನಂಗ್ಯಾಕ್ ಏಳ್ಳಿಲ್ಲ ನೀನು?"

ಯಾಸ್ಮಿನ್ ಮಂಡಿಯೂರಿ ಮಿಷನ್ನಿನ ಮುಂದೆ ಕೂತು ಮೀಟರು ಹಚ್ಚಿದಳು. ಎಂಬತ್ತಾರು ತೋರಿಸಿತು. ಮುಚ್ಚಳ ಬಿಚ್ಚಲು ಸ್ಕ್ರೂಡ್ರೈವರ್ ತೆಗೆದಾಗ ಮಹದೇವಪ್ಪ ತಡೆದ.

"ಮುಟ್ಬ್ಯಾಡ ಕಣವ್ವ. ಎಷ್ಟು ಬತ್ತದೋ ಅಷ್ಟೇ ಬರ್ಲಿ."

ಅವಳು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿ ಎದ್ದಳು.